ಬರ್ಬನ್ ನಾಲಿಗೆಗೆ ಒಗ್ಗುವ ಸ್ಕಾಚ್

ಮೂರು ವರ್ಷದ ಹಿಂದೆ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗಬಾರದಲ್ಲ. ಅಕ್ಕನಿಗೆ ಪುಣೆಯಿಂದ ಬಾಕರವಡಿ, ಅಮ್ಮ ಕಳಿಸಿದ ಮೆಂತ್ಯದ ಹಿಟ್ಟು. ಭಾವನಿಗೆ ವಿಮಾನ ನಿಲ್ದಾಣದ ಅಂಗಡಿಯಿಂದ ಒಂದು ಬಾಟಲಿ ಸ್ಕಾಚ್. ಸುಮ್ಮನೆ ಯಾವುದೋ ಒಂದಲ್ಲ, ಐಲಾ ದ್ವೀಪದ್ದು, ಹೊಗೆಯ ಘಾಟಿಗೆ ಹೆಸರಾದದ್ದು. ಅನುವಾದದ ಕೆಲಸದಲ್ಲಿ ಒಂದಷ್ಟು ದುಡ್ಡು ಬಂದಿತ್ತು, ನನ್ನ ಅಭಿರುಚಿ ಎಂಥದ್ದು ಅಂತ ತೋರಿಸುವ ಆಸೆಯೂ ಇತ್ತು.

ಶುಕ್ರವಾರ ಸಂಜೆ ಹಿತ್ತಲ ಕಟ್ಟೆಯಲ್ಲಿ ಕೂತಾಗ ಪಕ್ಕದ ಮನೆಯ ಹಿರಿಯರೂ ಬಂದರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಹುಟ್ಟಿ ಬೆಳೆದದ್ದೆಲ್ಲ ಕೆಂಟಕಿಯಲ್ಲೇ, ಐವತ್ತು ವರ್ಷದಿಂದ ಬರ್ಬನ್ ಕುಡಿಯುತ್ತಿರುವವರು. ನಾನು ಉತ್ಸಾಹದಿಂದ ಅವರಿಗೂ ಒಂದಿಷ್ಟು ಸುರಿದುಕೊಟ್ಟೆ. ಮೂಗಿನ ಹತ್ತಿರ ಹಿಡಿದರು, ಒಂದು ಗುಟುಕು ಕುಡಿದರು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಚಿಕ್ಕವನಿದ್ದಾಗ ಮೊಣಕಾಲು ತರಚಿದರೆ ನಮ್ಮಮ್ಮ ಏನೋ ಹಚ್ಚುತ್ತಿದ್ದಳು, ಅದರ ವಾಸನೆ" ಅಂದರು. ಟಿಂಚರ್ ಅಯೋಡಿನ್! ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. "ಮೊದಮೊದಲು ಹಾಗೇ ಅನಿಸುತ್ತೆ, ಆ ರುಚಿಗೆ ನಾವು ಬೆಳೀಬೇಕು" ಅಂದುಬಿಟ್ಟೆ. ಅವರು ನಕ್ಕರು. "ನನಗೆ ಅರವತ್ತೆಂಟು. ಸ್ಕಾಚ್ ಕುಡಿಸಿದವರೆಲ್ಲ ಇದೇ ಮಾತು ಹೇಳಿದ್ದಾರೆ. ಇನ್ನೂ ಎಷ್ಟು ಬೆಳೀಬೇಕು ನಾನು?" ಭಾವ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಆ ಸಂಜೆ ಉಳಿದ ಮಾತೆಲ್ಲ ಹವೆಯ ಬಗ್ಗೆ, ಬೇಸ್‌ಬಾಲ್ ಬಗ್ಗೆ ನಡೆಯಿತು.

ಅವರು ಕೇಳಿದ ಪ್ರಶ್ನೆ ಆಮೇಲೂ ನನ್ನನ್ನು ಬಿಡಲಿಲ್ಲ. ಅಮೆರಿಕದ ವಿಸ್ಕಿ ಕುಡಿದು ಅಭ್ಯಾಸವಾದವರಿಗೆ ಮೊದಲ ಸ್ಕಾಚ್ ಯಾವುದು ಕೊಡಬೇಕು? ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಒಂದು, ನಾನು ಮಾಡಿದ್ದು: ನಮಗೆ ಯಾವುದು ಶ್ರೇಷ್ಠವೋ ಅದನ್ನೇ ಕೊಡುವುದು. ಇನ್ನೊಂದು, ಅದಕ್ಕೆ ತದ್ವಿರುದ್ಧ: ಇರುವುದರಲ್ಲೇ ಅತ್ಯಂತ ತೆಳುವಾದ, ಯಾರಿಗೂ ತೊಂದರೆ ಕೊಡದ ಬಾಟಲಿ ಕೊಡುವುದು. ಎರಡೂ ತಪ್ಪು ಅಂತ ನನ್ನ ವಾದ. ಎರಡರಲ್ಲೂ ಕುಡಿಯುವವರ ನಾಲಿಗೆ ಈಗ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಮೊದಲನೆಯದರಲ್ಲಿ ಅವರನ್ನು ವಿದ್ಯಾರ್ಥಿ ಮಾಡುತ್ತೇವೆ, ಎರಡನೆಯದರಲ್ಲಿ ರೋಗಿ.

ಈ ತಪ್ಪು ನಮ್ಮವರಿಗೆ ಸುಲಭವಾಗಿ ಬರುವುದಕ್ಕೆ ಕಾರಣವಿದೆ. ನಮ್ಮಲ್ಲಿ ವಿಸ್ಕಿ ಅನ್ನುವ ಹೆಸರಲ್ಲಿ ಮಾರಾಟವಾಗುವ ಅಗ್ಗದ ಮಾಲಿನಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಅದರ ಮೇಲಿನ ಮೆಟ್ಟಿಲಲ್ಲಿ ಸ್ಕಾಚ್. ಮುಂಬೈಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ ಮಗಳ ಮದುವೆಯ ಹಿಂದಿನ ರಾತ್ರಿ 'ಸ್ಕಾಚ್ ಇದೆ' ಅಂದರೆ ಅದು ಅಂತಸ್ತಿನ ಮಾತು. ಆ ಏಣಿಯನ್ನು ಹೆಗಲ ಮೇಲೆ ಹೊತ್ತು ಕೆಂಟಕಿಗೆ ಹೋದರೆ ಬರ್ಬನ್ ಕುಡಿಯುವವರು ಕೆಳಗಿನ ಮೆಟ್ಟಿಲಲ್ಲಿ ನಿಂತವರ ಹಾಗೆ ಕಾಣುತ್ತಾರೆ. ಆದರೆ ಅಲ್ಲಿ ಏಣಿಯೇ ಇಲ್ಲ. ಅವರದ್ದು ಬೇರೆ ಮನೆ, ಅದಕ್ಕೆ ಅದರದೇ ಕಟ್ಟುಪಾಡು.

ಆ ಕಟ್ಟುಪಾಡು ಸಣ್ಣದಲ್ಲ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟು ಕರಿಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಪೀಪಾಯಿಗೆ ತುಂಬುವಾಗ ಮದ್ಯಾಂಶ ಶೇ. 62.5 ಮೀರಬಾರದು. ಬಣ್ಣ ಬೆರೆಸುವ ಹಾಗಿಲ್ಲ. 1964ರಲ್ಲಿ ಅಮೆರಿಕದ ಸಂಸತ್ತು ಇದು ತಮ್ಮ ದೇಶದ ವಿಶಿಷ್ಟ ಉತ್ಪನ್ನ ಅಂತ ಗೊತ್ತುವಳಿ ಮಾಡಿತು. ಸ್ಕಾಚ್ ವಿಷಯದಲ್ಲಿ ಈಗ ನಡೆಯುವುದು 2009ರ ನಿಯಮಾವಳಿ: ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿರಬೇಕು, 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಅಲ್ಲೇ ಇಟ್ಟಿರಬೇಕು. ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಸೇರಿಸಬಹುದು. ಸಿಂಗಲ್ ಮಾಲ್ಟ್ ಆದರೆ ಮೊಳಕೆ ಬರಿಸಿದ ಬಾರ್ಲಿ ಬಿಟ್ಟು ಬೇರೆ ಧಾನ್ಯ ಇರಕೂಡದು, ಎಲ್ಲವೂ ಒಂದೇ ಡಿಸ್ಟಿಲರಿಯದ್ದಾಗಿರಬೇಕು. ಬಣ್ಣದ ವಿಷಯದಲ್ಲಂತೂ ಬರ್ಬನ್ನಿನ ನಿಯಮವೇ ಹೆಚ್ಚು ಕಟ್ಟುನಿಟ್ಟು. ಯಾರಾದರೂ 'ಬರ್ಬನ್ನಾ?' ಅಂತ ಮೂಗು ಮುರಿದರೆ ಇಷ್ಟು ಹೇಳಿದರೆ ಸಾಕು.

ಇನ್ನು ನನ್ನ ಕಸುಬಿನ ಮಾತು. ಇಂಗ್ಲಿಷಿನಲ್ಲಿ ಸ್ಕಾಟ್ಲೆಂಡಿನವರು ವಿಸ್ಕಿ ಪದವನ್ನು 'ಇ' ಇಲ್ಲದೆ ಬರೆಯುತ್ತಾರೆ, ಅಮೆರಿಕದವರು 'ಇ' ಸೇರಿಸಿ ಬರೆಯುತ್ತಾರೆ ಅನ್ನುವುದು ಎಲ್ಲರೂ ಹೇಳುವ ಮಾತು. ಆದರೆ ಕೆಂಟಕಿಯದೇ ಮೇಕರ್ಸ್ ಮಾರ್ಕ್ ತನ್ನ ಚೀಟಿಯ ಮೇಲೆ 'ಇ' ಇಲ್ಲದೆಯೇ ಬರೆಯುತ್ತದೆ. ಅಮೆರಿಕದ ಸರಕಾರದ ನಿಯಮಾವಳಿಯಲ್ಲಿಯೂ ಆ 'ಇ' ಇಲ್ಲ. ಕನ್ನಡದಲ್ಲಿ ಬರೆದಾಗಲಂತೂ ಈ ಜಗಳವೇ ಮಾಯ. ನಮಗೆ ಎರಡೂ ವಿಸ್ಕಿ. ಮೂಲ ಗೇಲಿಕ್ ಮಾತಿನ ಅರ್ಥ 'ಜೀವಜಲ'.

ಕಷ್ಟ ಕೊಟ್ಟದ್ದು ಇನ್ನೊಂದು ಪದ. ಹೊಸಬರಿಗೆ ಹೇಳುವ ಬಾಟಲಿಗಳ ಬಗ್ಗೆ ಇಂಗ್ಲಿಷಿನವರು 'ಅಪ್ರೋಚಬಲ್' ಅನ್ನುತ್ತಾರೆ. ಸುಲಭ, ಸಲೀಸು, ಸೌಮ್ಯ ಎಲ್ಲವನ್ನೂ ಹಾಕಿ ನೋಡಿದೆ. 'ಸೌಮ್ಯ' ಅಂದಕೂಡಲೇ ತೆಳು ಅನ್ನುವ ಅರ್ಥ ಬಂದುಬಿಡುತ್ತದೆ, ತಪ್ಪು ಆಗುವುದೇ ಅಲ್ಲಿ. ಕೊನೆಗೆ ನನಗೆ ಸಿಕ್ಕ ಪದ 'ಒಗ್ಗುವುದು'. ಊರಿನ ನೀರು ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಧಾರವಾಡದಿಂದ ಬಂದವರಿಗೆ ಚೆನ್ನೈಯ ಸೆಕೆ ಒಗ್ಗದಿದ್ದರೆ ಅದು ಚೆನ್ನೈಯ ದೋಷವೂ ಅಲ್ಲ, ಧಾರವಾಡದ ದೋಷವೂ ಅಲ್ಲ. ಯಾವುದು ಒಗ್ಗುತ್ತದೆ ಅಂತ ಹೇಳಬೇಕಾದರೆ ಮೊದಲು 'ಯಾರಿಗೆ?' ಅಂತ ಕೇಳಬೇಕು.

ಬರ್ಬನ್ ಕುಡಿಯುವವರಿಗೆ ಏನು ಅಭ್ಯಾಸವಾಗಿದೆ? ಮೆಕ್ಕೆಜೋಳದ ಸಿಹಿ, ಹೊಸ ಓಕ್ ಬಿಡುವ ವೆನಿಲಾ, ಸುಟ್ಟ ಸಕ್ಕರೆಯ ವಾಸನೆ, ಒಂದಿಷ್ಟು ಒಗರು, ಗಂಟಲಿನಲ್ಲಿ ಬಿಸಿ. ಇದರಲ್ಲಿ ಬಹುಪಾಲು ಬರುವುದು ಪೀಪಾಯಿಯಿಂದ. ಎರಡು ದೇಶಗಳ ವಿಸ್ಕಿಗೆ ನಂಟು ಇರುವುದೂ ಆ ಪೀಪಾಯಿಯಲ್ಲೇ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಅದು ಮುಗಿದ ಮೇಲೆ 1930ರ ದಶಕದಲ್ಲಿ ಹೊಸ ಪೀಪಾಯಿಯ ನಿಯಮ ಬಂತು. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ. ಹಾಗಾದರೆ ಆ ಖಾಲಿ ಪೀಪಾಯಿಗಳು ಎಲ್ಲಿಗೆ ಹೋಗಬೇಕು? ಸ್ಕಾಟ್ಲೆಂಡಿಗೆ. ಅಲ್ಲಿಯವರು ಹಿಂದೆ ಸ್ಪೇನಿನ ಶೆರ್ರಿ ವೈನ್ ಬರುತ್ತಿದ್ದ ಪೀಪಾಯಿಗಳನ್ನು ನೆಚ್ಚಿಕೊಂಡಿದ್ದರು. 1980ರ ದಶಕದಲ್ಲಿ ಶೆರ್ರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಅಂತಾದ ಮೇಲೆ ಆ ದಾರಿ ಇನ್ನಷ್ಟು ಕಿರಿದಾಯಿತು. ಇವತ್ತು ಸ್ಕಾಟ್ಲೆಂಡಿನ ಗೋದಾಮುಗಳಲ್ಲಿ ಮಲಗಿರುವ ಪೀಪಾಯಿಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಬರ್ಬನ್ ಹೊತ್ತವು, ಸುಮಾರು 200 ಲೀಟರಿನವು. ನಾನು ಕೊಂಡೊಯ್ದಿದ್ದ ಆ ಹೊಗೆಯ ಬಾಟಲಿಯದ್ದೂ ಬರ್ಬನ್ ಪೀಪಾಯಿಯೇ. ಹೊಗೆ ಅದನ್ನು ಮುಚ್ಚಿಹಾಕಿತ್ತು, ಅಷ್ಟೇ.

ಆದ್ದರಿಂದ ಬಾಟಲಿ ಆರಿಸುವಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಪೀಪಾಯಿ ಯಾವುದು? ಮದ್ಯಾಂಶ ಎಷ್ಟು? ಹೊಗೆ ಇದೆಯೇ?

ಎರಡನೆಯ ಪ್ರಶ್ನೆಯನ್ನು ಜನ ಮರೆಯುತ್ತಾರೆ. ಮೇಕರ್ಸ್ ಮಾರ್ಕ್ ಶೇ. 45, ಬಫಲೋ ಟ್ರೇಸ್ ಶೇ. 45, ವೈಲ್ಡ್ ಟರ್ಕಿ 101 ಶೇ. 50.5. 1897ರ ಕಾನೂನಿನಿಂದ ಬಂದ 'ಬಾಟಲ್ಡ್ ಇನ್ ಬಾಂಡ್' ಎಂಬ ಮುದ್ರೆ ಇದ್ದರೆ ಸರಿಯಾಗಿ ಶೇ. 50. ಇಂಥದ್ದನ್ನು ಕುಡಿದು ಅಭ್ಯಾಸವಾದವರಿಗೆ ಶೇ. 40ರ ತೆಳು ಮಾಲ್ಟ್ ಕೊಟ್ಟು 'ಇದು ನಿಮಗೆ ಸುಲಭ' ಅಂದರೆ, ಅವರಿಗದು ಮಂಜುಗಡ್ಡೆ ಕರಗಿ ನೀರಾದ ಲೋಟದ ಹಾಗೆ ಅನಿಸುತ್ತದೆ. ಒಂದೋ ಟಿಂಚರು, ಇಲ್ಲವೇ ನೀರು. ಇಷ್ಟೇ ನೋಡಿದವರು ಸ್ಕಾಚ್ ಬೇಡ ಅಂದರೆ ಅದರಲ್ಲಿ ತಪ್ಪೇನಿದೆ?

ಬಾಟಲಿಯ ಮೇಲಿನ ಅಂಕಿಯಲ್ಲೂ ಒಂದು ಮೋಸವಿದೆ. ಎರಡು ಭಾಷೆಯಲ್ಲಿ ಒಂದೇ ರೂಪ, ಬೇರೆ ಅರ್ಥ ಇರುವ ಪದಗಳಿರುತ್ತವಲ್ಲ. ಮರಾಠಿಯ 'ಶಿಕ್ಷಾ' ಅಂದರೆ ದಂಡನೆ, ಹಿಂದಿಯ 'ಶಿಕ್ಷಾ' ಅಂದರೆ ವಿದ್ಯಾಭ್ಯಾಸ. 'ಪ್ರೂಫ್' ಕೂಡ ಹಾಗೇ. ಅಮೆರಿಕದ ಲೆಕ್ಕದಲ್ಲಿ ಪ್ರೂಫ್ ಅಂದರೆ ಮದ್ಯಾಂಶದ ಎರಡರಷ್ಟು. 101 ಪ್ರೂಫ್ ಅಂದರೆ ಶೇ. 50.5. ಗ್ಲೆನ್‌ಫಾರ್ಕ್ಲಸ್ 105 ಎಂಬ ಸ್ಕಾಚನ್ನು ಇದೇ ಲೆಕ್ಕದಲ್ಲಿ ಓದಿದರೆ ಶೇ. 52.5 ಆಗಬೇಕು. ಆದರೆ ಅದು ಹಳೆಯ ಬ್ರಿಟಿಷ್ ಪ್ರೂಫ್, ನಿಜವಾದ ಮದ್ಯಾಂಶ ಶೇ. 60. 101 ಕುಡಿಯುವವರಿಗೆ 'ಇದು 105, ಸ್ವಲ್ಪವೇ ಹೆಚ್ಚು' ಅಂತ ಕೊಟ್ಟರೆ ಪಾಪ ಬೇಸ್ತು ಬೀಳುತ್ತಾರೆ. ನೀರಿನ ಹೂಜಿ ಹತ್ತಿರವೇ ಇರಲಿ.

ಇನ್ನು ಹೆಸರು ಹೇಳುತ್ತೇನೆ.

ಸಾದಾ ಬರ್ಬನ್ ಇಷ್ಟಪಡುವವರಿಗೆ ನನ್ನ ಮೊದಲ ಬಾಟಲಿ ಡೀನ್‌ಸ್ಟನ್ 12. ಬರ್ಬನ್ ಪೀಪಾಯಿ, ಶೇ. 46.3, ಹೊಗೆ ಇಲ್ಲ. ಜೇನು, ಓಕ್, ಬಾರ್ಲಿಯ ಹಿಟ್ಟಿನಂಥ ರುಚಿ. ಡೀನ್‌ಸ್ಟನ್ ಕಟ್ಟಡ 18ನೇ ಶತಮಾನದ ಹತ್ತಿ ಗಿರಣಿ. 1960ರ ದಶಕದಲ್ಲಿ ಗಿರಣಿ ಮುಚ್ಚಿದ ಮೇಲೆ ಡಿಸ್ಟಿಲರಿಯಾಯಿತು. ಮುಂಬೈಯ ಪರೇಲ್, ಲಾಲ್‌ಬಾಗ್ ಕಡೆ ಗಿರಣಿಗಳು ಏನೇನಾದವು ಅಂತ ನೋಡಿರುವ ನಮ್ಮ ಓದುಗರಿಗೆ ಈ ಸಂಗತಿ ಹಿಡಿಸಬಹುದು. ಡೀನ್‌ಸ್ಟನ್ ಸಿಗದಿದ್ದರೆ ಆರನ್ 10, ಶೇ. 46. ಆರನ್ ದ್ವೀಪದ ಈ ಡಿಸ್ಟಿಲರಿ ಶುರುವಾದದ್ದು 1995ರಲ್ಲಿ. ಎಲ್ಲ ಕಡೆ ಸಿಗುವಂಥದ್ದು ಬೇಕೆಂದರೆ ಗ್ಲೆನ್‌ಮೊರಂಜಿ ಒರಿಜಿನಲ್. ತೀರ ಈಚಿನವರೆಗೆ 10 ವರ್ಷದ್ದಿತ್ತು, ಈಗ 12 ವರ್ಷದ್ದು. ಅವರ ತಾಮ್ರದ ಭಟ್ಟಿಗಳ ಕತ್ತೇ ಸುಮಾರು ಐದು ಮೀಟರ್ ಎತ್ತರ, ಹಾಗಾಗಿ ಹಗುರ ಆವಿ ಮಾತ್ರ ಮೇಲೇರಿ ಬರುತ್ತದೆ. ರುಚಿ ಹಿತ, ಆದರೆ ಮದ್ಯಾಂಶ ಕಡಿಮೆ. ಶೇ. 40ರ ಜಿಮ್ ಬೀಮ್ ಕುಡಿಯುವವರಿಗೆ ಸರಿ, ವೈಲ್ಡ್ ಟರ್ಕಿಯವರಿಗೆ ಸಾಲದು.

ಮೇಕರ್ಸ್ ಮಾರ್ಕಿನಲ್ಲಿ ರೈ ಬದಲು ಗೋಧಿ ಹಾಕುತ್ತಾರೆ, ಅದಕ್ಕೇ ಅದರ ಮೆತ್ತನೆ. ಅದನ್ನು ಮೆಚ್ಚುವವರಿಗೆ ಬಾಲ್ವೆನಿ ಡಬಲ್‌ವುಡ್ 12. ಮೊದಲು ಬರ್ಬನ್ ಪೀಪಾಯಿ, ಕೊನೆಯ ಕೆಲವು ತಿಂಗಳು ಶೆರ್ರಿ ಪೀಪಾಯಿ. ಪರಿಚಯದ ವೆನಿಲಾದ ಪಕ್ಕದಲ್ಲೇ ಒಣದ್ರಾಕ್ಷಿ ಕೂತಿರುತ್ತದೆ, ಹೊಸದು ಏನು ಅಂತ ಬೆರಳಿಟ್ಟು ತೋರಿಸಬಹುದು.

ರೈ ವಿಸ್ಕಿಯ ಖಾರ ಬೇಕು ಅನ್ನುವವರಿಗೆ ಸ್ಕೈ ದ್ವೀಪದ ಟ್ಯಾಲಿಸ್ಕರ್ 10, ಶೇ. 45.8. ಇದರಲ್ಲಿ ಹೊಗೆ ಇದೆ, ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಕರಿಮೆಣಸು ಜಗಿದಂಥ ಚುರುಕು ಇದೆ. ರೈ ನಾಲಿಗೆ ಆ ಚುರುಕನ್ನು ಗುರುತು ಹಿಡಿಯುತ್ತದೆ. ಗುರುತು ಸಿಕ್ಕಿದರೆ ಹೊಗೆಯನ್ನು ಸಹಿಸಿಕೊಳ್ಳುತ್ತಾರೆ.

ಗಟ್ಟಿ ಬರ್ಬನ್ನಿನವರಿಗೆ ಅಬರ್ಲೋರ್ ಅಬೂನಾ. ಪೀಪಾಯಿಯಿಂದ ತೆಗೆದದ್ದಕ್ಕೆ ನೀರು ಬೆರೆಸದೆ ಬಾಟಲಿಗೆ ತುಂಬಿದ್ದು, ಶೇ. 60ರ ಆಸುಪಾಸು. ಬರ್ಬನ್ ಅಲ್ಲ, ಪೂರ್ತಿ ಶೆರ್ರಿ ಪೀಪಾಯಿ. ವೆನಿಲಾ ಬದಲು ಒಣಹಣ್ಣು, ಆದರೆ ಮೈತೂಕ ಅವರಿಗೆ ಬೇಕಾದಷ್ಟೇ ಇದೆ. ಪುಸ್ತಕದ ಪ್ರಕಾರ ಇದು ಹೊಸಬರ ಬಾಟಲಿ ಅಲ್ಲ. ನನ್ನ ಪ್ರಕಾರ ಬರ್ಬನ್ ಕುಡಿಯುವವರು ಹೊಸಬರೇ ಅಲ್ಲ.

ವಯಸ್ಸಿನ ಬಗ್ಗೆ ಒಂದು ಮಾತು. ಸ್ಕಾಚ್ ಬಾಟಲಿಯ ಮೇಲೆ 12, 18 ಅಂತ ಇರುವುದನ್ನು ನೋಡಿ ಆರು ವರ್ಷದ ಬರ್ಬನ್ನನ್ನು ಎಳೆಯದು ಅನ್ನುವುದು ಸರಿಯಲ್ಲ. ಹೊಸ ಪೀಪಾಯಿ ತನ್ನ ರುಚಿಯನ್ನು ಬೇಗ ಬಿಟ್ಟುಕೊಡುತ್ತದೆ, ಕೆಂಟಕಿಯ ಬೇಸಗೆ ಅದನ್ನು ಇನ್ನೂ ಅವಸರಪಡಿಸುತ್ತದೆ. ಸ್ಕಾಟ್ಲೆಂಡಿನದ್ದು ತಂಪು ಹವೆ, ಬಳಸಿದ ಪೀಪಾಯಿ. ಒಂದು ಬೇಗ ಕುದಿಯುವ ಒಲೆ, ಇನ್ನೊಂದು ಕೆಂಡದ ಮೇಲಿನ ಹಾಲು. ನಿಮಿಷ ಎಣಿಸಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಉಡುಗೊರೆಗೆಂದು 18 ವರ್ಷದ್ದರ ಮೇಲೆ ದುಡ್ಡು ಸುರಿಯಬೇಡಿ. ಬರ್ಬನ್ ನಾಲಿಗೆ ಹುಡುಕುವ ಪೀಪಾಯಿಯ ಬಲಕ್ಕೂ ಆ ಅಂಕಿಗೂ ಅಂಥ ಸಂಬಂಧವಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು ಭಾವನದೇ: "ಬರ್ಬನ್ ಥರಾನೇ ಇರೋದನ್ನ ಕೊಡೋದಾದ್ರೆ ಸ್ಕಾಚ್ ಯಾಕೆ? ಬರ್ಬನ್ನೇ ಕುಡೀಲಿ ಬಿಡು." ನಿಜ, ಕುಡಿಯಲಿ. ಯಾರನ್ನೂ ಮತಾಂತರ ಮಾಡಬೇಕಾಗಿಲ್ಲ. ಆದರೆ ಡೀನ್‌ಸ್ಟನ್ ಬರ್ಬನ್ನಿನ ಹಾಗೇ ಇಲ್ಲ. ಪೀಪಾಯಿ ಒಂದೇ ಜಾತಿಯದ್ದಾದ್ದರಿಂದ ಬಾರ್ಲಿ ಏನು ಮಾಡುತ್ತದೆ, ಮೆಕ್ಕೆಜೋಳ ಏನು ಮಾಡುತ್ತದೆ ಅನ್ನುವುದು ಅಲ್ಲಿ ಸ್ಪಷ್ಟವಾಗುತ್ತದೆ. ಭಾಷಾಶಾಸ್ತ್ರದ ಮೊದಲ ಪಾಠವೂ ಅದೇ: ಎರಡು ಪದಗಳಲ್ಲಿ ಒಂದೇ ಒಂದು ಧ್ವನಿ ಬೇರೆ ಇದ್ದಾಗ ಆ ಧ್ವನಿಯ ಕೆಲಸ ಗೊತ್ತಾಗುತ್ತದೆ, ಕಲ್ಲು ಮತ್ತು ಹಲ್ಲು ಇದ್ದ ಹಾಗೆ. ಎಲ್ಲವೂ ಬೇರೆಯಾದರೆ ಕಿವಿಗೆ ಬರೀ ಗದ್ದಲ.

ಎರಡನೆಯದು ಇನ್ನೂ ಗಟ್ಟಿ ಆಕ್ಷೇಪ. ಕೆಲವು ಬರ್ಬನ್ ಪ್ರಿಯರು ಐಲಾದ ಹೊಗೆಗೆ ಮೊದಲ ಗುಟುಕಿನಲ್ಲೇ ಮನಸೋಲುತ್ತಾರೆ. ಹೌದು, ಅಂಥವರೂ ಇದ್ದಾರೆ. ಸುಟ್ಟ ಪೀಪಾಯಿಯ ಕಮಟು ಇಷ್ಟವಾದವರಿಗೆ, ಮರದ ಹೊಗೆಯಲ್ಲಿ ಬೆಂದ ಮಾಂಸ ತಿಂದು ಬೆಳೆದವರಿಗೆ ಅದು ಹತ್ತಿರವಾಗಬಹುದು. ಅವರನ್ನು ತಡೆಯುವುದು ಬೇಡ. ಆದರೆ ಹಾಗಾಗದವರ ಸಂಖ್ಯೆ ನನ್ನ ಅನುಭವದಲ್ಲಿ ದೊಡ್ಡದು, ಮತ್ತು ಅವರಿಗೆ ಎರಡನೆಯ ಅವಕಾಶ ಸಾಮಾನ್ಯವಾಗಿ ಸಿಗುವುದಿಲ್ಲ. ಒಮ್ಮೆ ಬೇಡ ಅಂದವರು ಜೀವನಪೂರ್ತಿ ಬೇಡ ಅನ್ನುತ್ತಾರೆ. ಹೊಗೆಯ ಬಾಟಲಿ ಎರಡನೆಯದೋ ಮೂರನೆಯದೋ ಆದರೆ ಯಾರಿಗೂ ನಷ್ಟವಿಲ್ಲ.

ಇದನ್ನು ಬರೆಯುವಾಗ ನನ್ನ ಇನ್ನೊಂದು ತಪ್ಪು ನೆನಪಾಯಿತು. ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಹುಡುಗಿಯೊಬ್ಬಳು ಓದಲಿಕ್ಕೆ ಕನ್ನಡ ಪುಸ್ತಕ ಕೇಳಿದಾಗ ನನಗೆ ಅತಿ ಪ್ರಿಯವಾದ, ಅತಿ ಕಠಿಣವಾದ ಕಾದಂಬರಿಯನ್ನೇ ಕೊಟ್ಟಿದ್ದೆ. ಆರು ತಿಂಗಳ ಮೇಲೆ ಧೂಳು ಒರೆಸಿ ವಾಪಸು ಕೊಟ್ಟಳು. ಮತ್ತೆ ಪುಸ್ತಕ ಕೇಳಲಿಲ್ಲ. ಅವಳಿಗೆ ಕನ್ನಡದ ಮೇಲೆ ಪ್ರೀತಿ ಸಾಲದು ಅಂತ ಆಗ ನಾನು ಅಂದುಕೊಂಡೆ. ಕೆಂಟಕಿಯ ಹಿರಿಯರಿಗೆ ಹೇಳಿದ್ದೂ ಅದೇ ಮಾತು, ಬೇರೆ ಭಾಷೆಯಲ್ಲಿ.

ನಮ್ಮ ಬೆಂಗಳೂರಿನ ವಿಸ್ಕಿಯ ಮಾತನ್ನೂ ಇಲ್ಲಿ ಹೇಳಬೇಕು. ಅಮೃತ್ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದರಲ್ಲೂ ಬರ್ಬನ್ ಪೀಪಾಯಿಗಳ ಪಾಲಿದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಪೀಪಾಯಿಯಿಂದ ಆವಿಯಾಗಿ ಹೋಗುವುದು ಶೇ. 2ರಷ್ಟಾದರೆ ಬೆಂಗಳೂರಿನಲ್ಲಿ ಶೇ. 10ರ ಆಸುಪಾಸು, ಆದ್ದರಿಂದ ಕೆಂಟಕಿಯಲ್ಲಿ ಆಗುವಂತೆ ಇಲ್ಲಿಯೂ ಪೀಪಾಯಿಯ ರುಚಿ ಬೇಗ ಇಳಿಯುತ್ತದೆ. ಬರ್ಬನ್ ನಾಲಿಗೆಗೆ ಅಮೃತ್ ಅನೇಕ ಸ್ಕಾಚುಗಳಿಗಿಂತ ಬೇಗ ಒಗ್ಗುತ್ತದೆ ಅನ್ನುವುದು ನನ್ನ ನಂಬಿಕೆ. ಅದನ್ನು ಅಭಿಮಾನದಿಂದ ಹೇಳುತ್ತಿದ್ದೇನೆ ಅಂದರೆ ಅರ್ಧ ನಿಜ.

ಕುಡಿಯದವರು ಇದನ್ನು ಓದಿ ಶುರುಮಾಡಬೇಕಾಗಿಲ್ಲ. ಕುಡಿಯುವವರು ಹೆಚ್ಚು ಮಾಡಬೇಕಾಗಿಲ್ಲ. ಕೊಡುವಾಗ ಮಾತ್ರ ಒಂದೆರಡು ವಿಷಯ ನೆನಪಿಡಿ. ಅವರ ಬರ್ಬನ್ನನ್ನೂ ಪಕ್ಕದಲ್ಲಿಡಿ, ಎರಡನ್ನೂ ಸ್ವಲ್ಪ ಸ್ವಲ್ಪ ಸುರಿಯಿರಿ. ಮಂಜುಗಡ್ಡೆ ಕೇಳಿದರೆ ಕೊಡಿ, 'ಅಯ್ಯೋ' ಅನ್ನಬೇಡಿ. ಏನು ಅನಿಸಿತು ಅಂತ ಕೇಳಿ, ಏನು ಅನಿಸಬೇಕು ಅಂತ ಹೇಳಬೇಡಿ.

ಲೂಯಿವಿಲ್‌ನಿಂದ ಹೊರಡುವ ಹಿಂದಿನ ವಾರ ಅಲ್ಲಿಯದೇ ಅಂಗಡಿಯಲ್ಲಿ ಹುಡುಕಿ ಒಂದು ಡೀನ್‌ಸ್ಟನ್ ತಂದೆ. ಪಕ್ಕದ ಮನೆಯ ಹಿರಿಯರನ್ನು ಕರೆದು, ಕ್ಷಮೆಯ ಮಾತು ಆಡದೆ, ಅವರ ಬಫಲೋ ಟ್ರೇಸ್ ಪಕ್ಕದಲ್ಲಿ ಸುರಿದಿಟ್ಟೆ. ಬಹಳ ಹೊತ್ತು ಮೂಸಿದರು. "ಇದು ನಮ್ಮ ಪೀಪಾಯಿ" ಅಂದರು. ಇನ್ನೊಂದು ಗುಟುಕಾದ ಮೇಲೆ, "ಇದರೊಳಗೆ ಬೇರೆ ಯಾರೋ ಸಂಸಾರ ಮಾಡ್ತಿದ್ದಾರೆ" ಅಂದರು. ಇಷ್ಟವಾಯಿತೋ ಇಲ್ಲವೋ ನಾನು ಕೇಳಲಿಲ್ಲ. ಲೋಟ ಖಾಲಿಯಾಗಿತ್ತು. ಹೊಗೆಯ ಬಾಟಲಿ ಇನ್ನೂ ಭಾವನ ಕಪಾಟಿನಲ್ಲಿದೆ, ಮುಕ್ಕಾಲು ಭಾಗ ತುಂಬಿದ ಹಾಗೇ. ಮುಂದಿನ ಸಲ ಹೋದಾಗ ನಾನೇ ಮುಗಿಸಬೇಕಂತೆ.